ಹಳೇ ಬಾಗಿಲು, ಹೊಸ ಮನೆ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ಕೆಲಸ ಜಾಸ್ತಿ ಅನ್ನೋದು ನೆಪ, ಸೋಮಾರಿತನವೇ ನಿಜವಾದ ಕಾರಣ :-)

ಮೊನ್ನೆ ಶನಿವಾರ ಒಂದು ಹಳೇ ಬಾಗಿಲು ಕೊಂಡೆ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರೋನಿಗೆ ಬಾಗಿಲು ಯಾಕೆ ಅಂತೀರಾ? ಕಾಲು ಕೊಟ್ಟು ಅಡ್ಡ ಮಲಗಿಸಿದರೆ ಒಳ್ಳೇ ಕಂಪ್ಯೂಟರ್ ಮೇಜು ಆಗುತ್ತೆ ಅಂತ ರೂಮ್‌ಮೇಟ್ ತಲೆಗೆ ಹುಳ ಬಿಟ್ಟಿದ್ದ. ಹಾಗಾಗಿ ಇಲ್ಲಿ ಆಸ್ಟಿನ್ನಿನಲ್ಲಿ 'ರೀಸ್ಟೋರ್' ಅನ್ನೋ ಅಂಗಡಿಗೆ ಹೋಗಿದ್ದೆವು. ದೊಡ್ಡ ಗೋದಾಮು. ಬಾಗಿಲು, ಕಿಟಕಿ, ಸಿಂಕು, ನಲ್ಲಿ, ಅಡಿಗೆಮನೆ ಕಪಾಟು, ಅರ್ಧ ಬಾಕ್ಸ್ ಟೈಲ್ಸು... ಎಲ್ಲಾ ಯಾರೋ ದಾನ ಕೊಟ್ಟದ್ದು. ಮನೆ ಕೆಡವಿದವರು, ಅಡಿಗೆಮನೆ ಬದಲಾಯಿಸಿದವರು, ಕೆಲಸ ಮುಗಿದ ಮೇಲೆ ಮಾಲು ಉಳಿಸಿಕೊಂಡ ಕಂಟ್ರಾಕ್ಟರುಗಳು ತಂದುಕೊಡುತ್ತಾರೆ. ಅದನ್ನು ಕಡಿಮೆ ಬೆಲೆಗೆ ಯಾರು ಬೇಕಾದರೂ ಕೊಳ್ಳಬಹುದು. ಬಂದ ಲಾಭ ಬಡವರಿಗೆ ಮನೆ ಕಟ್ಟುವ 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ' ಸಂಸ್ಥೆಗೆ.

ಬಿಲ್ ಮಾಡುತ್ತಿದ್ದ ಸ್ವಯಂಸೇವಕ ತಾತನನ್ನು ಕೇಳಿದೆ. ಇಷ್ಟೆಲ್ಲಾ ಸಾಮಾನು ಇದೆಯಲ್ಲ, ಇದನ್ನೇ ಆ ಬಡವರ ಮನೆಗೆ ಹಾಕಬಹುದಲ್ಲ, ಮಾರೋದು ಯಾಕೆ? ತಾತ ನಕ್ಕರು. ಒಂದೊಂದು ಬಾಗಿಲು ಒಂದೊಂದು ಅಳತೆ, ಅವರ ಮನೆಗೆ ಹೊಸ ಬಾಗಿಲೇ ಹಾಕ್ತೀವಿ, ಇದು ನಿನ್ನಂಥವರಿಗೆ ಅಂದರು!

ಆ ಮಾತು ತಲೆಯಲ್ಲೇ ಉಳಿಯಿತು. ಮನೆಗೆ ಬಂದು ಈ ಅಂಗಡಿಯ ಹಿಂದಿನ ಕಥೆ ಹುಡುಕುತ್ತಾ ಕೂತೆ. ಎಲ್ಲಿಂದ ಎಲ್ಲಿಗೋ ಹೋಯಿತು.

ಕಥೆ ಶುರುವಾಗೋದು 1942ರಲ್ಲಿ, ಜಾರ್ಜಿಯಾ ರಾಜ್ಯದ ಅಮೇರಿಕಸ್ ಅನ್ನೋ ಸಣ್ಣ ಊರಿನ ಹತ್ತಿರ. ಕ್ಲಾರೆನ್ಸ್ ಜೋರ್ಡನ್ ಅಂತ ಒಬ್ಬರು. ಓದಿದ್ದು ಕೃಷಿ, ಜೊತೆಗೆ ಬೈಬಲ್ಲಿನ ಗ್ರೀಕ್ ಭಾಷೆಯ ಪಂಡಿತ. ಅವರೂ ಕೆಲವು ಜೊತೆಗಾರರೂ 440 ಎಕರೆ ಜಮೀನು ಹಿಡಿದು 'ಕೊಯ್ನೋನಿಯಾ' ಅನ್ನೋ ತೋಟ ಮಾಡಿದರು. ಅಲ್ಲಿ ಕರಿಯರು ಬಿಳಿಯರು ಒಟ್ಟಿಗೆ ದುಡಿಯೋದು, ಒಂದೇ ಮೇಜಿನಲ್ಲಿ ಕೂತು ಊಟ ಮಾಡೋದು. ಆ ಕಾಲದ ಜಾರ್ಜಿಯಾದಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಊರುಗಳ ಪಂಕ್ತಿಭೇದ ನೆನಪಿಸಿಕೊಳ್ಳಿ, ಅರ್ಥ ಆಗುತ್ತೆ. 1950ರ ದಶಕದಲ್ಲಿ ಊರಿನವರು ಬಹಿಷ್ಕಾರ ಹಾಕಿದರು. ಅಂಗಡಿಯವರು ಬೀಜ, ಗೊಬ್ಬರ ಕೊಡಲಿಲ್ಲ. ಗುಂಡು ಹಾರಿಸಿದರು, ರಸ್ತೆ ಬದಿಯ ಮಾರಾಟದ ಕಟ್ಟೆಗೆ ಬಾಂಬಿಟ್ಟರು. ಇವರು ಬಗ್ಗಲಿಲ್ಲ. ಪೀಕನ್ ಬೀಜಗಳನ್ನು ಅಂಚೆಯಲ್ಲಿ ದೂರದ ಊರುಗಳಿಗೆ ಕಳಿಸಿ ಬದುಕಿದರು.

1965ರ ಕೊನೆಯಲ್ಲಿ ಅಲ್ಲಿಗೆ ಬಂದವರು ಮಿಲಾರ್ಡ್ ಫುಲ್ಲರ್. ಅಲಬಾಮದ ವಕೀಲ, ವ್ಯಾಪಾರಿ. 29ನೇ ವಯಸ್ಸಿಗೇ ಮಿಲಿಯನ್ ಡಾಲರ್ ಒಡೆಯ! (ನನಗೀಗ 28, ನನ್ನ ಲೆಕ್ಕ ಕೇಳಬೇಡಿ.) ಆದರೆ ದುಡ್ಡಿನ ಹಿಂದೆ ಬಿದ್ದು ಸಂಸಾರ ಮುರಿಯುವ ಹಂತಕ್ಕೆ ಬಂದಿತ್ತು. ಹೆಂಡತಿ ಲಿಂಡಾ ಮನೆ ಬಿಟ್ಟು ನ್ಯೂಯಾರ್ಕಿಗೆ ಹೋಗಿಬಿಟ್ಟರು. ಫುಲ್ಲರ್ ಹಿಂದೆಯೇ ಹೋಗಿ ರಾಜಿ ಮಾಡಿಕೊಂಡರು. ಇಬ್ಬರೂ ಆಸ್ತಿಯೆಲ್ಲಾ ಮಾರಿ ದಾನ ಮಾಡಿದರು.

1968ರಲ್ಲಿ ಜೋರ್ಡನ್ ಮತ್ತು ಫುಲ್ಲರ್ ಸೇರಿ ತೋಟದಲ್ಲೇ ಅರ್ಧರ್ಧ ಎಕರೆಯ 42 ಸೈಟು ಮಾಡಿದರು. ಸುತ್ತಲಿನ ಕೂಲಿಕಾರರ ಗುಡಿಸಲುಗಳ ಬದಲು ಸರಿಯಾದ ಮನೆ ಕಟ್ಟೋಣ ಅಂತ. ಲಾಭ ಇಲ್ಲ, ಬಡ್ಡಿ ಇಲ್ಲ. ಮನೆಯವರು ಕಂತು ಕಟ್ಟುತ್ತಾರೆ, ಆ ಕಂತಿನ ದುಡ್ಡು ಒಂದು ನಿಧಿಗೆ ಹೋಗಿ ಮುಂದಿನವರ ಮನೆಯಾಗುತ್ತದೆ. ಮೊದಲ ಮನೆ ಮುಗಿಯುವ ಮೊದಲೇ, 1969ರಲ್ಲಿ, ಜೋರ್ಡನ್ ತೀರಿಹೋದರು. ಫುಲ್ಲರ್ ದಂಪತಿ 1973ರಲ್ಲಿ ಆಫ್ರಿಕಾದ ಝೈರ್ ದೇಶಕ್ಕೆ ಹೋಗಿ ಅಲ್ಲೂ ಇದನ್ನೇ ಮಾಡಿದರು. ವಾಪಸ್ ಬಂದು 1976ರಲ್ಲಿ ಹ್ಯಾಬಿಟಾಟ್ ಶುರು ಮಾಡಿದರು. ಭಾರತದಲ್ಲಿ ಅದರ ಕೆಲಸ 1983ರಿಂದ ಇದೆ. ಪಕ್ಕದ ಪ್ಲೇನ್ಸ್ ಊರಿನವರಾದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಲ್ಲಿ ಸುತ್ತಿಗೆ ಹಿಡಿದ ಮೇಲಂತೂ ಎಲ್ಲರಿಗೂ ಗೊತ್ತಾಯಿತು. 2006ರಲ್ಲಿ ಕಾರ್ಟರ್ ನಮ್ಮ ಲೋಣಾವಳಕ್ಕೂ ಬಂದು ಮನೆ ಕಟ್ಟಿದ್ದರು.

ಬಡ್ಡಿ ಇಲ್ಲ ಅಂದರೆ ಎಷ್ಟು ವ್ಯತ್ಯಾಸ? ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕಿದೆ. ಒಂದು ಲಕ್ಷ ಡಾಲರ್ ಸಾಲ, ಶೇ. 6 ಬಡ್ಡಿ, 30 ವರ್ಷ ಅಂದರೆ ತಿಂಗಳಿಗೆ ಸುಮಾರು 600 ಡಾಲರ್ ಕಂತು. ಬಡ್ಡಿ ಇಲ್ಲದಿದ್ದರೆ 278. ಅರ್ಧಕ್ಕಿಂತ ಕಡಿಮೆ! ಆದರೆ ಕಂತಿನ ದುಡ್ಡು ನಿಧಾನಕ್ಕೆ ಬರುತ್ತೆ, ಮನೆ ಕಟ್ಟೋಕೆ ದುಡ್ಡು ಈಗಲೇ ಬೇಕು. ನಿಧಿಗೆ ಬೇರೆ ಹರಿವು ಬೇಕೇ ಬೇಕು.

ಅಂಗಡಿ ಕೆಲಸಕ್ಕೆ ಬರೋದು ಇಲ್ಲೇ. ಮೊದಲ ರೀಸ್ಟೋರ್ 1991ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ತೆರೆಯಿತು. ಮರುವರ್ಷ, 1992ರಲ್ಲಿ, ಅಮೆರಿಕದ ಮೊದಲನೆಯದು ತೆರೆದದ್ದು ಎಲ್ಲಿ ಗೊತ್ತಾ? ನಮ್ಮ ಆಸ್ಟಿನ್ನಿನಲ್ಲೇ! ಇವತ್ತು ಎರಡೂ ದೇಶ ಸೇರಿ ಸುಮಾರು ಸಾವಿರ ಅಂಗಡಿಗಳಿವೆ. ಹತ್ತು ಮನೆಯಿಂದ ಬಂದ ಹತ್ತು ನಮೂನೆ ಬಾಗಿಲಲ್ಲಿ ಒಂದು ಮನೆ ಕಟ್ಟೋದು ಕಷ್ಟ. ಮಾರಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ, ದುಡ್ಡಿನ ಅಳತೆಗೆ.

ತಾತನ ಮಾತು ನನಗೆ ಪೂರ್ತಿ ಅರ್ಥವಾದದ್ದು ಆಗ. ನಾವು ದಾನ ಅಂದರೆ ಏನು ಮಾಡ್ತೀವಿ? ಹರಿದ ಸೀರೆ ಕೆಲಸದವಳಿಗೆ, ಕೆಟ್ಟ ಮಿಕ್ಸಿ ವಾಚ್‌ಮನ್‌ಗೆ. ನಮಗೆ ಬೇಡವಾದದ್ದು ಅವರಿಗೆ ಸಾಕು ಅನ್ನೋ ಭಾವನೆ. ಇಲ್ಲಿ ಅದು ತಲೆಕೆಳಗು. ಹಳೇದನ್ನು ಕೊಳ್ಳೋದು ಸಂಬಳ ಬರುವ ನಾನು, ಹೊಸ ಮನೆ ಅವರಿಗೆ. ಅದೂ ಬಿಟ್ಟಿಯಲ್ಲ. ಮನೆಯವರು ನೂರಾರು ಗಂಟೆ ಮೈಮುರಿದು ದುಡಿಯಬೇಕು, ಕಂತು ಕಟ್ಟಬೇಕು.

ಆದರೂ ಒಂದು ವಿಷಯ ಚುಚ್ಚುತ್ತೆ. 1928ರ ನಗರ ಯೋಜನೆಯಲ್ಲಿ ಆಸ್ಟಿನ್ನಿನ ಕರಿಯರನ್ನು ಊರಿನ ಪೂರ್ವಕ್ಕೆ ತಳ್ಳಿದ್ದರು. ಈಗ ಅಲ್ಲೂ ನೆಲಕ್ಕೆ ಚಿನ್ನದ ಬೆಲೆ ಬಂದು ಹಳೇ ಮನೆಗಳು ಬೀಳುತ್ತಿವೆ, ಹಳಬರು ಊರು ಬಿಡುತ್ತಿದ್ದಾರೆ. ಬಂದವರು ಯಾರು? ನನ್ನಂಥ ಸಾಫ್ಟ್‌ವೇರಿನವರೇ. ಮನೆ ಹೆಚ್ಚು ಬಿದ್ದಷ್ಟೂ ಈ ಅಂಗಡಿಗೆ ಸಾಮಾನು ಹೆಚ್ಚು. ನನ್ನ ಮೇಜಾದ ಬಾಗಿಲು ಯಾರ ಮನೆಯದೋ, ಅವರು ಈಗ ಎಲ್ಲಿದ್ದಾರೋ. ಅಂಗಡಿ ಈ ರೋಗಕ್ಕೆ ಪೂರ್ತಿ ಮದ್ದಲ್ಲ.

ಹಳೇ ಮರಮುಟ್ಟು ಮಾರೋದು ನಮಗೇನು ಹೊಸತಲ್ಲ ಬಿಡಿ. ನಮ್ಮ ತೀರ್ಥಹಳ್ಳಿ ಕಡೆ ಮನೆ ಬಿಚ್ಚಿದರೆ ಹೆಂಚನ್ನು ಒಂದೊಂದಾಗಿ ಇಳಿಸಿ ಜೋಡಿಸೋರು. ನಮ್ಮನೆ ತೊಲೆ ಇನ್ನೊಬ್ಬರ ಕೊಟ್ಟಿಗೆಗೆ ಹೋಗ್ತಿತ್ತು. ಆದರೆ ಹೋದ ವರ್ಷ ಅಜ್ಜನ ಮನೆ ಕೆಡವುವಾಗ ಕಂಟ್ರಾಕ್ಟರ್ ಜೆಸಿಬಿ ತಂದ. ಅರ್ಧ ದಿನದಲ್ಲಿ ಎಲ್ಲಾ ಪುಡಿ. ಅಪ್ಪ ಫೋನಿನಲ್ಲಿ "ಹೆಬ್ಬಾಗಿಲು ಒಂದು ಉಳೀತು ಮಾರಾಯ, ಯಾರೋ ಗಾಡಿಯಲ್ಲಿ ಹಾಕ್ಕೊಂಡು ಹೋದ್ರು. ನಾನು ದುಡ್ಡು ಕೇಳ್ಲಿಲ್ಲ" ಅಂದರು. ಹಲಸಿನ ಮರದ ಬಾಗಿಲು. ಅದರ ಹಿಂದೆ ಅಜ್ಜ ಸೀಮೆಸುಣ್ಣದಲ್ಲಿ ಆಳುಗಳ ಕೂಲಿ ಲೆಕ್ಕ ಬರೆಯುತ್ತಿದ್ದರು. ಆ ಆಳುಗಳಲ್ಲಿ ಎಷ್ಟು ಜನರಿಗೆ ಸ್ವಂತ ಮನೆ ಇತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಮುಂದಿನ ಫೋನಿನಲ್ಲಿ ಅಪ್ಪನನ್ನು ಕೇಳಬೇಕು.

ಈ ಬಾಗಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೇ ಇದನ್ನು ಬರೆದದ್ದು. ಹಿಡಿಕೆಯ ತೂತು ಹಾಗೇ ಇದೆ, ಅದರಲ್ಲಿ ಚಾರ್ಜರ್ ವೈರು ಇಳಿಬಿಟ್ಟಿದ್ದೀನಿ. ನಿಮ್ಮ ಹಳೇ ಮನೆಯ ಮರಮುಟ್ಟು ಏನಾಯಿತು? ಗೊತ್ತಿದ್ದರೆ ಬರೀರಿ.