ಆದೋನಿ ಸೀಮೆಯ ಲಂಬಾಣಿ ಮಹಿಳೆಯರ ನೃತ್ಯದ ಉಡುಗೆ

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಆದೋನಿ, ಆಲೂರು, ಪತ್ತಿಕೊಂಡ ಸುತ್ತಿನ ತಾಂಡಾಗಳಲ್ಲೂ ಗಡಿಯಾಚೆಯ ಬಳ್ಳಾರಿ, ಸಂಡೂರು, ರಾಯಚೂರು ಕಡೆಯ ತಾಂಡಾಗಳಲ್ಲೂ ಲಂಬಾಣಿ ಹೆಂಗಸರು ಹಬ್ಬ, ಮದುವೆ, ಕುಣಿತಗಳಿಗೆ ಉಡುವ ಕನ್ನಡಿ ಕಸೂತಿಯ ಉಡುಗೆ ಬಹುಮಟ್ಟಿಗೆ ಒಂದೇ ಮಾದರಿಯದು. ಆಂಧ್ರದಲ್ಲಿ ಈ ಸಮುದಾಯವನ್ನು ಸುಗಾಲಿ ಎನ್ನುತ್ತಾರೆ. ಲಂಬಾಡಿ, ಬಂಜಾರ ಎಂಬ ಹೆಸರುಗಳೂ ಇವೆ. ಮನೆಮಾತು ಗೋರ್‌ಬೋಲಿ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಈ ಉಡುಗೆಯ ಚರಿತ್ರೆಯನ್ನು ಇಂದಿನ ರಾಜ್ಯಗಡಿಯಲ್ಲಿ ಕತ್ತರಿಸಿ ಹೇಳಲಾಗದು.

ಉಡುಗೆಯ ಮುಖ್ಯ ಭಾಗಗಳು ಮೂರು: ಫೇಟಿಯಾ ಎಂಬ ಅಗಲ ಘೇರಿನ ಲಂಗ, ಕಾಂಚಳಿ ಎಂಬ ಕುಪ್ಪಸ, ತಲೆಯ ಮೇಲಿಂದ ಬೆನ್ನಿಗೆ ಇಳಿಯುವ ಟುಕ್ರಿ ಎಂಬ ಮೇಲುಹೊದಿಕೆ. ಕಾಂಚಳಿಗೆ ಬೆನ್ನಿನ ಭಾಗವಿಲ್ಲ. ಹಿಂದೆ ದಾರದಿಂದ ಕಟ್ಟಿಕೊಳ್ಳುತ್ತಾರೆ. ಕಸೂತಿ, ಕನ್ನಡಿಚೂರು, ಕವಡೆಗಳೆಲ್ಲ ಎದೆಯ ಮುಂಭಾಗದಲ್ಲೂ ತೋಳಿನ ಮೇಲೂ ದಟ್ಟವಾಗಿರುತ್ತವೆ. ಟುಕ್ರಿಯ ಹಣೆಯಂಚಿಗೆ ಹೊಲಿಯುವ ನಾಣ್ಯ, ಕನ್ನಡಿಗಳ ಪಟ್ಟಿಗೆ ಘುಂಗಟೋ ಎಂದು ಹೆಸರು. ಕೂದಲಿನ ಎರಡೂ ಬದಿಯಿಂದ ಕೆನ್ನೆಯವರೆಗೆ ಜೋಲುವ ಘುಗರಿ, ಟೋಪ್ಲಿ, ಮೂಗಿಗೆ ಭುರಿಯಾ, ಕೊರಳಿಗೆ ಗಟ್ಟಿ ಬಳೆಯಂಥ ಹಾಸಳಿ, ತೋಳಿಗೆ ಸಾಲು ಬಲಿಯಾಗಳು, ಕಾಲಿಗೆ ಕಡಗ, ಗೆಜ್ಜೆ. ಬಲಿಯಾ ಹಿಂದೆ ದಂತದ್ದೂ ಮೂಳೆಯದೂ ಆಗಿರುತ್ತಿತ್ತು, ಈಗ ಪ್ಲಾಸ್ಟಿಕ್ಕಿನದು.

ಇಷ್ಟೆಲ್ಲ ಭಾರ ಕುಣಿತಕ್ಕೆ ಅಡ್ಡಿಯೆಂದು ನೋಡುವವರಿಗೆ ಅನ್ನಿಸಬಹುದು. ಆದರೆ ಲಂಬಾಣಿ ಕುಣಿತದಲ್ಲಿ ನೆಗೆತ ಕಡಿಮೆ. ಹೆಂಗಸರು ವೃತ್ತವಾಗಿ ನಿಂತು, ಒಮ್ಮೆ ಸೊಂಟದಿಂದ ಬಾಗಿ ಒಮ್ಮೆ ಎದ್ದು, ಚಪ್ಪಾಳೆ ತಟ್ಟುತ್ತ ಹಾಡಿನ ಲಯಕ್ಕೆ ಪಕ್ಕಕ್ಕೆ ಹೆಜ್ಜೆಯಿಡುತ್ತಾರೆ. ಬಾಗಿದಾಗ ತೋಳಿನ ಬಳೆ, ಎದ್ದಾಗ ಘುಗರಿ, ತಿರುಗಿದಾಗ ಗೆಜ್ಜೆ ಸದ್ದು ಮಾಡುತ್ತವೆ. ಉಡುಗೆಯೇ ಅರ್ಧ ವಾದ್ಯ. ಅಂಚಿನ ತೂಕದಿಂದಲೇ ಫೇಟಿಯಾ ತಿರುಗುವಾಗ ಸಮವಾಗಿ ಅರಳುತ್ತದೆ, ನಿಂತಾಗ ತಟ್ಟನೆ ಇಳಿಯುತ್ತದೆ. ಹಗುರ ಬಟ್ಟೆಯಲ್ಲಿ ಹೊಲಿದ ಈಚಿನ ಲಂಗಗಳಲ್ಲಿ ಈ ಗುಣ ಕಾಣುವುದಿಲ್ಲ. ಹೋಳಿಯ ಲೆಂಗಿ ಹಾಡುಗಳ ಕುಣಿತ, ಶ್ರಾವಣದ ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಸಸಿ ಬೆಳೆಸಿ ಅದರ ಸುತ್ತ ಆಡುವ ಕುಣಿತ, ಮದುವೆಯ ಕುಣಿತ, ಎಲ್ಲಕ್ಕೂ ಇದೇ ಉಡುಗೆ. ನೃತ್ಯಕ್ಕೆಂದೇ ಬೇರೆ ವೇಷ ಇರಲಿಲ್ಲ. ದಿನದ ಉಡುಗೆಗೂ ಹಬ್ಬದ ಉಡುಗೆಗೂ ಇದ್ದ ಅಂತರ ಹೊಸತು-ಹಳತಿನದು, ಕಸೂತಿಯ ದಟ್ಟಣೆಯದು, ಅಷ್ಟೆ.

ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖಣದುದ್ದಕ್ಕೂ ಸಾಗಿದ ಸಾಗಣೆದಾರರು. 1688ರಲ್ಲಿ ಆದೋನಿ ಕೋಟೆ ಮೊಘಲರ ವಶವಾಯಿತು. ಆ ಕಾಲದ ದಂಡಯಾತ್ರೆಗಳಲ್ಲೂ, ಮುಂದೆ ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ ನಡೆಸಿದ ಯುದ್ಧಗಳಲ್ಲೂ ಸೇನೆಗಳು ದವಸಕ್ಕೆ ಬಂಜಾರರ ಎತ್ತಿನ ಸಾಲುಗಳನ್ನು ನೆಚ್ಚಿಕೊಂಡಿದ್ದವು. ಒಂದೆಡೆ ನಿಲ್ಲದ ಈ ಬದುಕಿನ ಗುರುತು ಉಡುಗೆಯ ಮೇಲಿದೆ. ಕವಡೆ ಒಂದು ಕಾಲದ ಚಿಲ್ಲರೆ ಹಣ. ಬೆಳ್ಳಿ ರೂಪಾಯಿ, ಆಣೆಗಳು ಮೈಮೇಲೇ ಹೊಲಿದುಕೊಂಡ ಉಳಿತಾಯ. ಮನೆ, ಪೆಟ್ಟಿಗೆ ಇಲ್ಲದವರಿಗೆ ಸೊತ್ತು ಇಡಲು ಅದಕ್ಕಿಂತ ಭದ್ರ ಜಾಗವಿರಲಿಲ್ಲ.

ಈ ಸೀಮೆಯಲ್ಲಿ ಆ ಬದುಕನ್ನು ಮುಗಿಸಿದ್ದು ರೈಲು. ಗುಂತಕಲ್ಲಿನಿಂದ ಆದೋನಿಯ ಮೂಲಕ ಹಾದ ಮದ್ರಾಸ್ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ ಕಡೆಯ ಹಳಿಗೆ ಕೂಡಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಉತ್ತರ ಭಾರತದಲ್ಲಿ, ಇಂಥ ಅಲೆದಾಡುವ ಸಮುದಾಯಗಳನ್ನು ಅನುಮಾನದಿಂದ ಕಾಣುವ ಅಪರಾಧಿ ಬುಡಕಟ್ಟು ಕಾಯ್ದೆ ತಂದಿತು; 1911ರ ಕಾಯ್ದೆಯಿಂದ ಮದ್ರಾಸ್ ಪ್ರಾಂತ್ಯವೂ ಅದರ ವ್ಯಾಪ್ತಿಗೆ ಬಂತು. ಇಡೀ ದೇಶದಲ್ಲಿ ಅದು ರದ್ದಾದದ್ದು 1952ರಲ್ಲಿ. ಹೇರೆತ್ತಿನ ವ್ಯಾಪಾರ ಕಳೆದುಕೊಂಡವರು ಬೇಸಾಯ, ದನ ಮೇಯಿಸುವುದು, ಸೌದೆ ಮಾರುವುದಕ್ಕೆ ಇಳಿದು ತಾಂಡಾಗಳಲ್ಲಿ ನೆಲೆಸಿದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಲಂಬಾಡಿ ಹೆಂಗಸರ ಉಡುಗೆಗೆ ಸಾಕಷ್ಟು ಜಾಗ ಸಿಕ್ಕಿದೆ. ವಸಾಹತು ಕಾಲದ ಬರಹಗಳು ಉಡುಗೆಯನ್ನು ಬೆರಗಿನಿಂದಲೂ ಉಟ್ಟವರನ್ನು ಅನುಮಾನದಿಂದಲೂ ನೋಡಿದವು ಎಂಬುದನ್ನು ಅವುಗಳನ್ನು ಬಳಸುವವರು ಮರೆಯಬಾರದು.

ನೂರಾರು ಮೈಲಿ ದೂರದ ತಾಂಡಾಗಳಲ್ಲಿ ವಿನ್ಯಾಸ ಒಂದೇ ತೆರನಾಗಿ ಉಳಿದದ್ದು ಹೇಗೆ ಎಂಬುದೇ ಈ ವಿಷಯದ ಮುಖ್ಯ ಪ್ರಶ್ನೆ. ಯಾವ ಕೇಂದ್ರವೂ ಮಾದರಿ ನಿಗದಿ ಮಾಡಲಿಲ್ಲ. ಅದನ್ನು ಕಾಪಾಡಿದ್ದು ಮದುವೆ. ಒಂದೇ ಗೋತ್ರದೊಳಗೆ ಹೆಣ್ಣು ತರುವಂತಿಲ್ಲವಾದ್ದರಿಂದ ರಾಠೋಡರ ಮಗಳು ಪವಾರರ ಅಥವಾ ಚವ್ಹಾಣರ ತಾಂಡಾಕ್ಕೆ ಹೋಗುತ್ತಾಳೆ. ತಾಯಿ, ಅಜ್ಜಿಯರ ಬಳಿ ಕೂತು ತಾನೇ ಹೊಲಿದ ಫೇಟಿಯಾ, ಕಾಂಚಳಿಗಳು ಅವಳೊಂದಿಗೆ ಹೋಗುತ್ತವೆ. ಅಲ್ಲಿಯ ಹೆಂಗಸರು ಅವನ್ನು ನೋಡುತ್ತಾರೆ, ಎಳೆ ಎಣಿಸುತ್ತಾರೆ. ಕಸೂತಿಗೆ ಕಾಗದದ ನಕ್ಷೆ ಇಲ್ಲ. ಬಟ್ಟೆಯ ನೂಲೆಳೆಗಳನ್ನೇ ಲೆಕ್ಕ ಹಿಡಿದು ಹೊಲಿಯುವುದರಿಂದ ಚೌಕ, ತ್ರಿಕೋನ, ಓರೆಗೆರೆ, ಹೆಣಿಗೆಯ ಅಂಚುಗಳೇ ಮತ್ತೆಮತ್ತೆ ಬರುತ್ತವೆ. ಸಂಡೂರು ಕಡೆಯ ಕಸೂತಿಯಲ್ಲಿ ಕಿಲನ್, ವೇಲೆ, ಬಖಿಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ಗದ್ರಿ, ನಕ್ರಾ ಮೊದಲಾಗಿ 14 ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ. ನೆಲದ ಬಣ್ಣ ಕೆಂಪು ಅಥವಾ ನೀಲಿ. ಅದರ ಮೇಲೆ ಹಳದಿ, ಬಿಳಿ, ಹಸಿರು ದಾರ. ಹೆಣ್ಣಿನ ಆಯ್ಕೆ ಈ ಚೌಕಟ್ಟಿನೊಳಗೇ ಇತ್ತು: ಕನ್ನಡಿ ಎಷ್ಟು, ಯಾವ ಹೊಲಿಗೆ ಯಾವುದರ ಪಕ್ಕ, ಕುಚ್ಚು ಉಣ್ಣೆಯದೋ ಹತ್ತಿಯದೋ. ದೂರದವರ ಕಣ್ಣಿಗೆ ಒಂದೇ ಅಚ್ಚಿನಂತೆ ಕಾಣುವ ಎರಡು ಕಾಂಚಳಿಗಳಲ್ಲಿ ಯಾವುದು ಯಾರ ಕೈಯದು ಎಂದು ತಾಂಡಾದ ಹಿರಿಯಳು ಹೇಳಬಲ್ಲಳು.

ಆಭರಣಗಳದು ಇನ್ನೊಂದು ಲೆಕ್ಕ. ಘುಗರಿ, ಟೋಪ್ಲಿ, ಮೇಲ್ತೋಳಿನ ಬಲಿಯಾಗಳು ಮುತ್ತೈದೆಯ ಗುರುತು. ಕನ್ಯೆಗೆ ಅವಿಲ್ಲ, ಗಂಡ ಸತ್ತವಳಿಂದ ತೆಗೆಸುತ್ತಿದ್ದರು. ತೀಜ್ ಕುಣಿತದ ಹುಡುಗಿಗೂ ಮದುವೆಯಲ್ಲಿ ಕುಣಿಯುವ ಅವಳ ಅಕ್ಕನಿಗೂ ಇದ್ದ ವ್ಯತ್ಯಾಸ ಇಲ್ಲಿ ಓದಲು ಸಿಗುತ್ತಿತ್ತು. ಒಂದೇ ಬಗೆಯ ಉಡುಗೆ ಎಂಬ ಮಾತಿಗೆ ಇದು ದೊಡ್ಡ ತಿದ್ದುಪಡಿ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಿನದ ಉಡುಗೆ ಸೀರೆಯಾಯಿತು. ಆದೋನಿ ಹತ್ತಿಯ ಪೇಟೆ; ಮಳೆ ಕೈಕೊಟ್ಟ ವರ್ಷ ಈ ಪಶ್ಚಿಮ ಮಂಡಲಗಳ ಕೂಲಿಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುತ್ತಾರೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಕನ್ನಡಿ, ನಾಣ್ಯಗಳ ಭಾರದ ಬಟ್ಟೆ ಹೊಂದುವುದಿಲ್ಲ. ಶಾಲೆ, ಪೇಟೆ, ಬಸ್ಸುಗಳಲ್ಲಿ ಗುರುತು ಹಿಡಿಯುವ ಕಣ್ಣುಗಳನ್ನು ತಪ್ಪಿಸಿಕೊಳ್ಳುವ ಬಯಕೆಯೂ ಸೇರಿತು. ಗಡಿಯ ಎರಡು ಕಡೆ ಉಡುಗೆ ಒಂದೇ ಆದರೂ ಸರ್ಕಾರದ ಪಟ್ಟಿ ಬೇರೆ: ಆಂಧ್ರದಲ್ಲಿ ಸುಗಾಲಿಗಳು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ.

ದಿನಬಳಕೆಯಿಂದ ಹೊರಬಿದ್ದ ಉಡುಗೆ ವೇದಿಕೆಯ ಮೇಲೆ ಮರಳಿತು. ಮೈಸೂರು ದಸರಾದ ಜಂಬೂ ಸವಾರಿ, ಹಂಪಿ ಉತ್ಸವ, ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯಲ್ಲಿ ನಡೆಯುವ ಸೇವಾಲಾಲ್ ಜಯಂತಿಗಳಲ್ಲಿ ಲಂಬಾಣಿ ತಂಡಗಳು ಕಾಣಸಿಗುತ್ತವೆ. 1739ರಲ್ಲಿ ಬಂಜಾರರ ಸಂತ ಸೇವಾಲಾಲ್ ಹುಟ್ಟಿದ್ದು ಸೂರಗೊಂಡನಕೊಪ್ಪದಲ್ಲೇ ಎಂದು ಕರ್ನಾಟಕದಲ್ಲೂ, ಆದೋನಿಗೆ ಹತ್ತಿರದ ಗುತ್ತಿಯ ಬಳಿ ಎಂದು ರಾಯಲಸೀಮೆಯಲ್ಲೂ ಹೇಳುತ್ತಾರೆ. ವೇದಿಕೆಯ ತಂಡಕ್ಕೆ ಒಬ್ಬ ದರ್ಜಿ ಒಂದೇ ಥಾನಿನಿಂದ ಇಡೀ ಸಾಲಿಗೆ ಹೊಲಿಯುತ್ತಾನೆ. ಪಾಲಿಯೆಸ್ಟರ್ ಬಟ್ಟೆ, ಅಂಟಿಸಿದ ಪ್ಲಾಸ್ಟಿಕ್ ಕನ್ನಡಿ, ಬಾಡಿಗೆಯ ಆಭರಣ. ಹಿಂದಿನ ಸಾಮ್ಯ ಬಳಗದ ಕೈಯಿಂದ ಬಂದದ್ದು, ಇದು ಪ್ರೇಕ್ಷಕನ ನಿರೀಕ್ಷೆಯಿಂದ ಬಂದದ್ದು. ಮದುವೆಯಾಗದ ಕಾಲೇಜು ಹುಡುಗಿಯರೂ ಘುಗರಿ, ಬಲಿಯಾ ತೊಟ್ಟು ಕುಣಿಯುವಾಗ ಹಳೆಯ ಗುರುತಿನ ಲೆಕ್ಕ ಅಳಿದುಹೋಗುತ್ತದೆ. ವಿಧವೆಗೂ ಅದೇ ವೇಷ ಸಿಗುವುದು ಮಾತ್ರ ಕಳೆದುಕೊಂಡದ್ದಲ್ಲ, ಗಳಿಸಿದ್ದು.

ಕೈಕಸೂತಿ ಉಳಿದಿರುವುದು ಹೆಚ್ಚಾಗಿ ಮಾರುಕಟ್ಟೆಯ ಆಸರೆಯಲ್ಲಿ. ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರಿಂದ ಚೀಲ, ದಿಂಬಿನ ಚೀಲ, ಕುಪ್ಪಸಗಳನ್ನು ಹೊಲಿಸಿ ಮಾರುತ್ತ ಬಂದಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆದೋನಿ ಕಡೆಯ ತಾಂಡಾಗಳ ಕೈಕೆಲಸ ಅದೇ ಕುಲದ್ದಾದರೂ ಸಂಡೂರಿನ ಹೆಸರಿನ ಆ ಮಾನ್ಯತೆ ಅದಕ್ಕೆ ಅನ್ವಯಿಸುವುದಿಲ್ಲ.