ಪಂಜರದ ಗಿಳಿಯ ಬೇಸರ

ಮನುಷ್ಯನು ಗಿಳಿಯನ್ನು ಸಾಕಲು ಆರಂಭಿಸಿ ಎರಡು ಸಾವಿರ ವರ್ಷಗಳಿಗೂ ಮೇಲಾಯಿತು. ಈ ದೀರ್ಘ ಕಾಲದಲ್ಲಿ ಗಿಳಿಯು ಅರಸರಿಗೆ ಜಯಕಾರ ಹೇಳಿದೆ. ಕಾವ್ಯಗಳಲ್ಲಿ ವಿರಹಿಗಳ ದೌತ್ಯ ವಹಿಸಿದೆ. ದೇವಿಯರ ಕೈಯಲ್ಲಿ ಕುಳಿತು ಪೂಜೆಯನ್ನು ಹಂಚಿಕೊಂಡಿದೆ. ಬೀದಿಯ ಬದಿಯಲ್ಲಿ ಶಕುನದ ಚೀಟಿಯನ್ನು ಕೊಕ್ಕಿನಿಂದ ಎತ್ತಿ ಕೊಟ್ಟಿದೆ. ಒಟ್ಟಿನಲ್ಲಿ ಮನುಷ್ಯನ ಬೇಸರವನ್ನು ಕಳೆಯುವ ಉದ್ಯೋಗ ಅದರ ಪಾಲಿಗೆ ಬಂದಿತು. ಆದರೆ ಗಿಳಿಯ ಬೇಸರವನ್ನು ಕಳೆಯತಕ್ಕವರು ಯಾರು? ಈ ಪ್ರಶ್ನೆಗೆ ಹಳೆಯ ಗ್ರಂಥಗಳಲ್ಲಿ ಉತ್ತರ ದೊರೆಯುವುದು ಅಪರೂಪ.

ಪ್ರಶ್ನೆ ಅಲ್ಪವಾದುದೆಂದು ಮೊದಲ ನೋಟಕ್ಕೆ ತೋರಬಹುದು. ಗಿಳಿ ಸಾಕಿದವರು ಮಾತ್ರ ಹಾಗೆನ್ನಲಾರರು. ಅದು ಪಂಜರದ ಅಗುಳಿಯನ್ನು ಬಿಚ್ಚುತ್ತದೆ. ನೀರಿನ ಬಟ್ಟಲನ್ನು ಮಗುಚುತ್ತದೆ. ಹೊರಗೆ ಬಿಟ್ಟರೆ ಕಿಟಕಿಯ ಚೌಕಟ್ಟನ್ನೂ ಪುಸ್ತಕದ ಅಂಚನ್ನೂ ಕತ್ತರಿಸಿ ರಾಶಿ ಹಾಕುತ್ತದೆ. ಕಡೆಗೆ ಬೇರೇನೂ ಸಿಕ್ಕದೆ ಹೋದರೆ ತನ್ನ ಎದೆಯ ಗರಿಗಳನ್ನೇ ಕಿತ್ತುಕೊಂಡು ಬೋಳಾಗುತ್ತದೆ. ಇದು ತುಂಟತನವೋ, ದುಷ್ಟತನವೋ, ರೋಗವೋ? ಹಿಂದಿನವರು ಇದನ್ನು ಹೇಗೆ ಕಂಡರು, ಈಗ ನಾವು ಹೇಗೆ ಕಾಣಬೇಕು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ದೇಶದಿಂದಲೇ ಆರಂಭಿಸುವುದು ನ್ಯಾಯ. ಕ್ರಿ. ಶ. 3ನೆಯ ಶತಮಾನದ ಸುಮಾರಿನದೆಂದು ವಿದ್ವಾಂಸರು ಎಣಿಸುವ ಕಾಮಸೂತ್ರದಲ್ಲಿ ವಾತ್ಸ್ಯಾಯನನು ನಾಗರಕನ, ಎಂದರೆ ಪಟ್ಟಣವಾಸಿಯಾದ ರಸಿಕನ, ದಿನಚರಿಯನ್ನು ವರ್ಣಿಸಿದ್ದಾನೆ. ಅವನ ಮನೆಯ ಹೊರಭಾಗದಲ್ಲಿ ಕ್ರೀಡಾಪಕ್ಷಿಗಳ ಪಂಜರಗಳಿರಬೇಕು. ಊಟವಾದ ಮೇಲೆ ಅವನು ಗಿಳಿ ಗೊರವಂಕಗಳಿಗೆ ಮಾತು ಕಲಿಸುತ್ತ ಕಾಲ ಕಳೆಯಬೇಕು. ಶುಕಸಾರಿಕೆಗಳಿಗೆ ಮಾತು ಕಲಿಸುವುದು 64 ಕಲೆಗಳಲ್ಲಿ ಒಂದೆಂದೂ ಅಲ್ಲಿ ಹೇಳಿದೆ. ಈ ಪಾಠದಿಂದ ನಾಗರಕನಿಗೆ ವಿನೋದವಾಗುತ್ತಿತ್ತೆಂಬುದು ಸ್ಪಷ್ಟ. ಅವನು ಬಯಸದಿದ್ದರೂ ಗಿಳಿಗೂ ಒಂದು ಉಪಕಾರವಾಗುತ್ತಿತ್ತು: ದಿನಕ್ಕೆ ಒಂದಷ್ಟು ಹೊತ್ತು ಅದಕ್ಕೆ ಒಬ್ಬ ಸಂಗಾತಿ ದೊರೆಯುತ್ತಿದ್ದನು.

7ನೆಯ ಶತಮಾನದ ಬಾಣಭಟ್ಟನ ಕಾದಂಬರಿಯನ್ನು ಕೇಳದ ಸಂಸ್ಕೃತಜ್ಞರಿಲ್ಲ. ನಾಗವರ್ಮನ ಕರ್ಣಾಟಕ ಕಾದಂಬರಿಯ ಮೂಲಕ ಕನ್ನಡಿಗರಿಗೂ ಆ ಕಥೆ ಚಿರಪರಿಚಿತ. ಶೂದ್ರಕ ಮಹಾರಾಜನ ಆಸ್ಥಾನಕ್ಕೆ ಚಂಡಾಲ ಕನ್ಯೆಯೊಬ್ಬಳ ಜೊತೆಯಲ್ಲಿ ಚಿನ್ನದ ಪಂಜರದೊಳಗೆ ವೈಶಂಪಾಯನನೆಂಬ ಗಿಳಿ ಬರುತ್ತದೆ. ಬಲಗಾಲನ್ನೆತ್ತಿ ರಾಜಸ್ತುತಿಯ ಪದ್ಯವನ್ನು ಹೇಳಿ ಸಭೆಯನ್ನು ಬೆರಗುಗೊಳಿಸುತ್ತದೆ. ಆದರೆ ತನ್ನ ವೃತ್ತಾಂತವನ್ನು ಹೇಳತೊಡಗಿದಾಗ ಆ ಗಿಳಿ ಮೊದಲು ನೆನೆಯುವುದು ವಿಂಧ್ಯಾಟವಿಯ ಬೂರುಗದ ಮರದ ಪೊಟರೆಯನ್ನು. ಮುದಿ ಶಬರನೊಬ್ಬನು ಆ ಮರವನ್ನು ಹತ್ತಿ ಗಿಳಿಗಳನ್ನು ಒಂದೊಂದಾಗಿ ಕೊಂದು ಕೆಳಕ್ಕೆಸೆದುದನ್ನೂ, ಮುಪ್ಪಿನ ತಂದೆ ತನ್ನನ್ನು ರೆಕ್ಕೆಯ ಮರೆಯಲ್ಲಿ ಅಡಗಿಸಿಕೊಂಡೇ ಪ್ರಾಣ ಬಿಟ್ಟುದನ್ನೂ ಅದು ವಿವರಿಸುತ್ತದೆ. ಅರಮನೆಯಲ್ಲಿ ವಿನೋದವಾಗಿ ಕಾಣುವ ಪಕ್ಷಿಗೆ ಕಾಡಿನಲ್ಲಿ ಒಂದು ಮನೆಯಿತ್ತು, ಬಂಧುಬಳಗವಿತ್ತು ಎಂಬುದನ್ನು ಬಾಣನು ಮರೆಯಲಿಲ್ಲ.

ಇನ್ನು ಶುಕಸಪ್ತತಿ. ವರ್ತಕನೊಬ್ಬನು ದೇಶಾಂತರಕ್ಕೆ ಹೋಗಿರುವಾಗ ಅವನ ಹೆಂಡತಿ ಪ್ರಭಾವತಿಯು ದಾರಿ ತಪ್ಪದಂತೆ ಮನೆಯ ಗಿಳಿ ರಾತ್ರಿಗೊಂದರಂತೆ 70 ಕಥೆಗಳನ್ನು ಹೇಳಿ ತಡೆದಿಡುತ್ತದೆ. ಈ ಕಥಾಚಕ್ರವನ್ನು ಆಧರಿಸಿ ನಕ್ಷಬಿ ಎಂಬ ವಿದ್ವಾಂಸನು 1330ರ ಸುಮಾರಿನಲ್ಲಿ ಪಾರಸಿಯಲ್ಲಿ ತೂತೀನಾಮವನ್ನು ರಚಿಸಿದನು. ಅಕ್ಬರನ ಚಿತ್ರಶಾಲೆಯಲ್ಲಿ ಅದಕ್ಕೆ ಸೊಗಸಾದ ಚಿತ್ರಗಳನ್ನು ಬರೆದರು. ಇಲ್ಲಿಯೂ ಬೇಸರಗೊಂಡವಳು ಮನುಷ್ಯಳು. ಬೇಸರ ಕಳೆಯುವುದು ಪಕ್ಷಿ. ಮಧುರೆಯ ಮೀನಾಕ್ಷಿಯ ಗುಡಿಯಲ್ಲಿ ಗಿಳಿಗೂಡಿನ ಮಂಟಪವೆಂದೇ ಹೆಸರಾದ ಒಂದು ಮಂಟಪವುಂಟು. ದೇವಿಯ ಹೆಸರನ್ನು ಹೇಳಲು ಕಲಿತ ಗಿಳಿಗಳನ್ನು ಹಿಂದೆ ಅಲ್ಲಿ ಇಡುತ್ತಿದ್ದರು.

ಪಶ್ಚಿಮ ದೇಶಗಳಿಗೆ ಗಿಳಿಯ ಪರಿಚಯವಾದುದು ಭಾರತದಿಂದ. ಕ್ರಿ. ಪೂ. 400ರ ಹೊತ್ತಿಗೆ ಪಾರಸಿಕ ಚಕ್ರವರ್ತಿಯ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕನು, ಭಾರತದಲ್ಲಿ ಮನುಷ್ಯರಂತೆ ಮಾತನಾಡುವ ಹಕ್ಕಿಯೊಂದಿದೆ, ಕಲಿಸಿದರೆ ಅದು ಗ್ರೀಕ್ ಭಾಷೆಯನ್ನೂ ಆಡುತ್ತದೆ ಎಂದು ಬರೆದನು. ಅದರ ಮುಖ ಕೆನ್ನೀಲಿ, ಗಡ್ಡ ಕಪ್ಪು ಎಂದು ಅವನು ಹೇಳುವುದನ್ನು ನೋಡಿದರೆ, ನಮ್ಮ ಕಾಡುಗಳಲ್ಲಿ ಇಂದಿಗೂ ಹಾರಾಡುವ ಕೆನ್ನೀಲಿ ತಲೆಯ ಗಿಳಿಯೇ ಅದಿರಬೇಕು. ಕ್ರಿ. ಪೂ. 327ರಲ್ಲಿ ಅಲೆಕ್ಸಾಂಡರನು ದಂಡೆತ್ತಿ ಬಂದ ಮೇಲೆ ಈ ಪರಿಚಯ ಬೆಳೆಯಿತು. ಭುಜದ ಮೇಲೆ ಕೆಂಪು ಮಚ್ಚೆಯುಳ್ಳ ನಮ್ಮ ದೊಡ್ಡ ಗಿಳಿಗೆ ಇಂಗ್ಲಿಷಿನಲ್ಲಿ ಅವನ ಹೆಸರೇ ನಿಂತಿದೆ.

ರೋಮನರು ಗಿಳಿಯನ್ನು ಮೆಚ್ಚಿದರು, ದಂಡಿಸಿದರು. ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಮಡಿದ ಪ್ಲಿನಿಯು ತನ್ನ ಪ್ರಕೃತಿ ಚರಿತ್ರೆಯಲ್ಲಿ, ಈ ಹಕ್ಕಿಯ ತಲೆ ಬಹು ಗಟ್ಟಿಯಾದುದರಿಂದ ಮಾತು ಕಲಿಸುವಾಗ ಕಬ್ಬಿಣದ ಸಲಾಕೆಯಿಂದಲೇ ಹೊಡೆಯಬೇಕು, ಇಲ್ಲವಾದರೆ ಅದಕ್ಕೆ ಪೆಟ್ಟು ತಾಗದು ಎನ್ನುತ್ತಾನೆ. ಉಪಾಧ್ಯಾಯ ವೃತ್ತಿಯವರಾದ ನಾವು ಇದನ್ನು ಓದುವಾಗ ಸ್ವಲ್ಪ ಸಂಕೋಚ ಪಡಬೇಕಾಗುತ್ತದೆ. ಈ ಬೋಧನಕ್ರಮ ಗಿಳಿಗಳಿಗೆ ಮಾತ್ರವೇ ಮೀಸಲಾಗಿರಲಿಲ್ಲ. ಅದೇ ಶತಮಾನದ ಕೊನೆಯಲ್ಲಿದ್ದ ಸ್ಟೇಷಿಯಸ್ ಕವಿಯು ತನ್ನ ಮಿತ್ರನ ಗಿಳಿ ಸತ್ತಾಗ ಒಂದು ಚರಮಗೀತವನ್ನು ಬರೆದನು. ಆಮೆಯ ಚಿಪ್ಪಿನಿಂದ ಹೊಳೆಯುವ ಗುಮ್ಮಟ, ದಂತದೊಡನೆ ಜೋಡಿಸಿದ ಬೆಳ್ಳಿಯ ಸರಳುಗಳು—ಇಂಥ ಪಂಜರವನ್ನು ಅವನು ವರ್ಣಿಸುತ್ತಾನೆ. ಗಿಳಿಯ ಕೊಕ್ಕಿನ ಬಡಿತಕ್ಕೆ ಅದರ ಬಾಗಿಲು ಕೀಚೆನ್ನುತ್ತಿದ್ದುದನ್ನೂ ಸೇರಿಸುತ್ತಾನೆ. ಬೆಳ್ಳಿಯ ಬಾಗಿಲಾದರೂ ಗಿಳಿ ಅದನ್ನು ಕಡಿಯುತ್ತಲೇ ಇದ್ದಿತು!

ಮೊಗಲ್ ಚಕ್ರವರ್ತಿ ಬಾಬರನು 1526ರ ಅನಂತರ ಹಿಂದೂಸ್ಥಾನದ ಪ್ರಾಣಿಪಕ್ಷಿಗಳನ್ನು ಕುರಿತು ಬರೆಯುವಾಗ ಒಂದು ಸ್ವಾರಸ್ಯವಾದ ಸಂಗತಿಯನ್ನು ತಿಳಿಸುತ್ತಾನೆ. ಗಿಳಿ ಕಲಿಸಿದ್ದನ್ನು ಮಾತ್ರ ಹೇಳಬಲ್ಲುದು, ತಾನಾಗಿ ಯೋಚಿಸಲಾರದು ಎಂದು ಅವನ ನಂಬಿಕೆಯಾಗಿತ್ತು. ಆದರೆ ಅವನ ಆಪ್ತನಾದ ಅಬುಲ್ ಕಾಸಿಂ ಜಲಾಯರನು ಬೇರೆಯೇ ಒಂದು ಕಥೆಯನ್ನು ಹೇಳಿದನು. ಅವನು ಗಿಳಿಯ ಪಂಜರಕ್ಕೆ ಹೊದಿಕೆ ಹಾಕಿದ್ದಾಗ, ತನ್ನ ಮುಖದ ಮರೆಯನ್ನು ತೆಗೆ, ಉಸಿರು ಕಟ್ಟುತ್ತಿದೆ ಎಂದು ಆ ಪಕ್ಷಿ ಕೇಳಿಕೊಂಡಿತಂತೆ! ಹೇಳಿದವನದೇ ಹೊಣೆ, ಕಿವಿಯಾರೆ ಕೇಳದೆ ನಂಬಲಾಗದು ಎಂದು ಬಾಬರನು ಎಚ್ಚರಿಕೆಯಿಂದ ಮುಗಿಸುತ್ತಾನೆ. ಕಥೆ ನಿಜವೇ ಆಗಿರಲಿ, ಕಟ್ಟಿದುದೇ ಆಗಿರಲಿ. ಪಂಜರದ ಹಕ್ಕಿಗೂ ಒಂದು ದೂರಿರಬಹುದು ಎಂಬ ಸಂದೇಹ ಆ ಕಾಲದಲ್ಲಿಯೇ ಒಬ್ಬನ ಮನಸ್ಸಿಗೆ ಹೊಳೆದಿತ್ತು.

1492ನೆಯ ಅಕ್ಟೋಬರ್ 12ರಂದು ಕೊಲಂಬಸನು ಅಮೆರಿಕದ ದ್ವೀಪವೊಂದರಲ್ಲಿ ಇಳಿದಾಗ ಅಲ್ಲಿನ ಜನರು ವಿನಿಮಯಕ್ಕೆ ತಂದ ವಸ್ತುಗಳಲ್ಲಿ ಹತ್ತಿಯ ನೂಲಿನ ಉಂಡೆಗಳೂ ಗಿಳಿಗಳೂ ಇದ್ದವು. ಅಂದಿನಿಂದ ಯೂರೋಪಿಗೆ ಹಡಗುಗಳಲ್ಲಿ ಗಿಳಿಗಳು ಬರತೊಡಗಿದವು. ಆಫ್ರಿಕದ ಬೂದು ಗಿಳಿ, ಅಮೆರಿಕದ ಬಣ್ಣಬಣ್ಣದ ಮಕಾವು, ಆಸ್ಟ್ರೇಲಿಯದ ಕಾಕಟೂ ಎಲ್ಲವೂ ಶ್ರೀಮಂತರ ಮನೆಗಳನ್ನು ಸೇರಿದವು. ರಿಚ್ಮಂಡಿನ ಡಚೆಸ್ 1702ರಲ್ಲಿ ತೀರಿಕೊಂಡಾಗ ಅವಳು ಸಾಕಿದ್ದ ಬೂದು ಗಿಳಿಯೂ ಸ್ವಲ್ಪ ಕಾಲದಲ್ಲಿಯೇ ಸತ್ತಿತು. ಅದರ ದೇಹವನ್ನು ಅವಳ ಮೇಣದ ಪ್ರತಿಮೆಯ ಜೊತೆಯಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇರಿಸಿದರು. ಮಮತೆಗೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಇದ್ದಿತು.

ಆ ತಿಳಿವಳಿಕೆ ಏನು? ಗಿಳಿಯ ಅಂಗರಚನೆಯನ್ನು ನೋಡಿದರೆ ಅರ್ಧ ಉತ್ತರ ದೊರೆಯುತ್ತದೆ. ಅದರ ಮೇಲಿನ ಕೊಕ್ಕು ತಲೆಬುರುಡೆಗೆ ಕೀಲಿನಂತೆ ಸೇರಿಕೊಂಡು ಮೇಲೆ ಕೆಳಗೆ ಆಡುತ್ತದೆ. ನಮ್ಮ ಉಗುರಿನಂತೆ ಅದು ಬೆಳೆಯುತ್ತಲೇ ಇರುವುದರಿಂದ ಸವೆಯುತ್ತಲೂ ಇರಬೇಕು. ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಆದುದರಿಂದ ಅದು ಕಾಯಿಯನ್ನು ಕೈಯಲ್ಲಿ ಹಿಡಿದಂತೆ ಹಿಡಿದು ಸುಲಿಯಬಲ್ಲುದು. ಕಾಡಿನಲ್ಲಿ ಅದು ಗಟ್ಟಿ ಬೀಜಗಳನ್ನು ಒಡೆಯುತ್ತದೆ, ತೊಗಟೆಯನ್ನು ಸೀಳುತ್ತದೆ, ಮರದ ಪೊಟರೆಯನ್ನು ಕಡಿದು ಅಗಲ ಮಾಡಿಕೊಂಡು ಮೊಟ್ಟೆಯಿಡುತ್ತದೆ. ಅಮೆಜಾನ್ ಜಾತಿಯ ಗಿಳಿಗಳು ಆಹಾರ ಹುಡುಕುವುದಕ್ಕೂ ತಿನ್ನುವುದಕ್ಕೂ ದಿನಕ್ಕೆ 4ರಿಂದ 6 ಗಂಟೆಗಳನ್ನು ವಿನಿಯೋಗಿಸುತ್ತವೆ. ಪಂಜರದಲ್ಲಿಯಾದರೋ ಬಟ್ಟಲು ತುಂಬ ಕಾಳು ಸಿದ್ಧವಾಗಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಊಟ ಮುಗಿಯುತ್ತದೆ. ಉಳಿದ ದಿನವೆಲ್ಲ ಆ ಕೊಕ್ಕಿಗೂ ಕಾಲಿಗೂ ಬುದ್ಧಿಗೂ ಕೆಲಸವಿಲ್ಲ. ನಾವು ಹಾಳುಮಾಡುವುದೆಂದು ಕರೆಯುವುದು ಅದರ ಕುಲಕಸುಬು. ಮಾಡತಕ್ಕ ವಸ್ತು ಸಿಕ್ಕದೆ ಹೋದಾಗ ಅದು ನಮ್ಮ ಕಿಟಕಿಯ ಮೇಲೂ, ಕಡೆಗೆ ತನ್ನ ಮೈಮೇಲೂ ನಡೆಯುತ್ತದೆ.

ಬಂಧನದಲ್ಲಿರುವ ಪ್ರಾಣಿಗೆ ಅನ್ನನೀರಿನಂತೆ ಉದ್ಯೋಗವೂ ಅವಶ್ಯಕವೆಂಬ ತತ್ತ್ವವನ್ನು ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ 1942ರಲ್ಲಿ ಪ್ರಕಟಿಸಿದ ಗ್ರಂಥವು ಬೆಳಕಿಗೆ ತಂದಿತು. 1963ರಲ್ಲಿ ಗ್ಲೆನ್ ಜೆನ್ಸನ್ ಎಂಬವರು ಇಲಿಗಳನ್ನು ಪರೀಕ್ಷಿಸಿ, ಬಟ್ಟಲಿನಲ್ಲಿ ಬಿಟ್ಟಿಯಾಗಿ ಆಹಾರವಿದ್ದರೂ ಅವು ಸನ್ನೆಯನ್ನೊತ್ತಿ ಸಂಪಾದಿಸಿದ ಆಹಾರವನ್ನು ಬಯಸುವುದನ್ನು ತೋರಿಸಿದರು. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಎಳೆಯ ಅಮೆಜಾನ್ ಗಿಳಿಗಳಲ್ಲಿ ಕೆಲವಕ್ಕೆ ಆಹಾರವನ್ನು ಹುಡುಕಿ ತೆಗೆಯುವ ಸಾಧನಗಳನ್ನೂ ಹತ್ತಿ ಆಡುವ ವಸ್ತುಗಳನ್ನೂ ಒದಗಿಸಿದರು. ಕೆಲವಕ್ಕೆ ಬರಿಯ ಪಂಜರ. ಬರಿಯ ಪಂಜರದವು ಗರಿ ಕಿತ್ತುಕೊಂಡವು. ಆಮೇಲೆ ಅವಕ್ಕೂ ಆ ಅನುಕೂಲ ಮಾಡಿದಾಗ ಗರಿಗಳು ಸುಧಾರಿಸಿದವು. ಗಾತ್ರಕ್ಕೆ ಹೋಲಿಸಿದರೆ ಮೆದುಳು ದೊಡ್ಡದಾದ ಜಾತಿಗಳೇ ಪಂಜರದಲ್ಲಿ ಅರ್ಥವಿಲ್ಲದ ಚಲನೆಗಳನ್ನು ಹೆಚ್ಚಾಗಿ ಮಾಡುತ್ತವೆಂದೂ, ಸುಲಿದು ಒಡೆದು ತಿನ್ನುವ ಆಹಾರವುಳ್ಳ ಜಾತಿಗಳೇ ಹೆಚ್ಚಾಗಿ ಗರಿ ಕೀಳುತ್ತವೆಂದೂ 2021ರ ಮತ್ತೊಂದು ಅಧ್ಯಯನ ತಿಳಿಸಿತು. ಗಿಳಿಪಾಠವೆಂದು ನಾವು ಹಗುರವಾಗಿ ಆಡುವ ಮಾತಿಗೂ ಪೆಟ್ಟು ಬಿದ್ದಿದೆ. ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ 2007ರ ವರೆಗೆ ಪಾಠ ಹೇಳಿದ ಅಲೆಕ್ಸ್ ಎಂಬ ಬೂದು ಗಿಳಿಯು ವಸ್ತುಗಳ ಹೆಸರು, ಬಣ್ಣ, ಆಕಾರಗಳನ್ನು ಬೇರ್ಪಡಿಸಿ ಹೇಳುತ್ತಿತ್ತು. 6ರ ವರೆಗೆ ಎಣಿಸುತ್ತಿತ್ತು.

ಇಷ್ಟನ್ನು ತಿಳಿದ ಮೇಲೆ ಗಿಳಿಯನ್ನಿಟ್ಟುಕೊಂಡವರು ಮಾಡತಕ್ಕದ್ದು ಕಷ್ಟವೇನಲ್ಲ. ಅದು ಹಾಳುಮಾಡಲೆಂದೇ ಕೆಲವು ವಸ್ತುಗಳನ್ನು ಕೊಡಬೇಕು: ವಿಷವಿಲ್ಲದ ಮರದ ಹಸಿ ಕೊಂಬೆ, ತೆಂಗಿನ ಸಿಪ್ಪೆ, ಸಿಪ್ಪೆ ಸುಲಿಯದ ಜೋಳದ ತೆನೆ. ಕಾಳನ್ನು ಬಟ್ಟಲಿಗೆ ಸುರಿಯುವುದರ ಬದಲು ಅಚ್ಚಿಲ್ಲದ ಕಾಗದದಲ್ಲಿ ಸುತ್ತಿಯೋ ಮರದ ತೂತುಗಳಲ್ಲಿ ತುರುಕಿಯೋ ಇಡಬೇಕು. ಒಂದೇ ಆಟಿಕೆ ಬಹುದಿನ ಇದ್ದರೆ ಅದೂ ಸರಳಿನಂತೆಯೇ, ಆಗಾಗ್ಗೆ ಬದಲಾಯಿಸಬೇಕು. ಸತುವಿನ ಲೇಪವುಳ್ಳ ತಂತಿಯೂ ಸೀಸವೂ ಗಿಳಿಗೆ ವಿಷ. ಬೆಣ್ಣೆಹಣ್ಣೂ ಚಾಕೊಲೇಟೂ ಹಾಗೆಯೇ. ಎಲ್ಲಕ್ಕಿಂತ ಮುಖ್ಯವಾಗಿ ಗಿಳಿಯು ಗುಂಪಿನಲ್ಲಿ ಬಾಳುವ ಪಕ್ಷಿ. ಸಂಗಡವಿಲ್ಲದಿದ್ದರೆ ಆಟಿಕೆಗಳೆಲ್ಲ ವ್ಯರ್ಥ. ಗರಿ ಕೀಳುವ ಪಕ್ಷಿಯನ್ನು ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು, ರೋಗದಿಂದಲೂ ಹಾಗಾಗಬಹುದು. ಈ ಹೊಣೆ ಅಲ್ಪಕಾಲದ್ದಲ್ಲ. ಷಿಕಾಗೋ ನಗರದ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದ ಕುಕಿ ಎಂಬ ಕಾಕಟೂ 83 ವರ್ಷ ಬದುಕಿ 2016ರಲ್ಲಿ ಸತ್ತಿತು.

ಇದು ಈಗ ಇಟ್ಟುಕೊಂಡಿರುವವರ ಮಾತಾಯಿತು. ಹೊಸದಾಗಿ ಇಟ್ಟುಕೊಳ್ಳಬೇಕೆನ್ನುವವರು ಬೇರೊಂದನ್ನು ತಿಳಿದಿರಬೇಕು. ನಮ್ಮ ದೇಶದ ಗಿಳಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿವೆ. ಅವನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿಡುವುದೂ ಅಪರಾಧ. ಅಂಥ ಗಿಳಿ ಮನೆಯಲ್ಲಿದ್ದರೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದು ಸರಿ. ಕೈತುತ್ತಿನಲ್ಲಿ ಬೆಳೆದ ಹಕ್ಕಿಯನ್ನು ಒಮ್ಮೆಲೇ ಹಾರಿಬಿಟ್ಟರೆ ಗಿಳಿ ಸಾಕಿ ಗಿಡುಗನ ಕೈಗೆ ಕೊಟ್ಟಂತಾಗುವುದು. ಹೊರದೇಶದ ಗಿಳಿಗಳ ವ್ಯಾಪಾರಕ್ಕೂ ಕಟ್ಟುಗಳುಂಟು. 1973ರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 1981ರಲ್ಲಿ ಕೆಲವೇ ಜಾತಿಗಳ ಹೊರತು ಎಲ್ಲ ಗಿಳಿಗಳೂ ಸೇರಿದವು. ಆಫ್ರಿಕದ ಬೂದು ಗಿಳಿಗೆ 2016ರಲ್ಲಿ ಅತ್ಯಂತ ಕಟ್ಟುನಿಟ್ಟಾದ ರಕ್ಷಣೆ ದೊರೆಯಿತು.

ಎರಡು ಸಾವಿರ ವರ್ಷ ನಾವು ಗಿಳಿಗೆ ನಮ್ಮ ಮಾತನ್ನು ಕಲಿಸಿದೆವು. ಅದರ ಕೊಕ್ಕು ಆಡುತ್ತಿದ್ದ ಮಾತನ್ನು ಕಲಿಯಲು ನಮಗೆ ಅಷ್ಟು ಕಾಲ ಹಿಡಿಯಿತು. ಮನೆಯಲ್ಲಿರುವ ಪಕ್ಷಿಗೆ ದಿನಕ್ಕೆ ಒಂದೆರಡು ಗಂಟೆ ಕೊಡಬಲ್ಲವರು ಕೊಡಲಿ. ಕೊಡಲಾರದವರು ಹೊಸ ಪಂಜರವನ್ನು ಕೊಳ್ಳದಿರಲಿ. ನಮ್ಮ ಪಟ್ಟಣಗಳ ಸಾಲುಮರಗಳಿಗೆ ಸಂಜೆಯ ಹೊತ್ತು ಗಿಳಿಗಳ ಹಿಂಡು ಕೂಗುತ್ತ ಬಂದು ಇಳಿಯುತ್ತದೆ. ತಲೆಯೆತ್ತಿ ನೋಡುವುದಕ್ಕೆ ಕಾಸೂ ಬೇಕಿಲ್ಲ, ಬೀಗವೂ ಬೇಕಿಲ್ಲ.