ಅರ್ಧ ಮಿಲಿಮೀಟರ್ ಗಾಜು

2006ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಲೈಕಾ ಸಂಸ್ಥೆ ಎಂ8 ಎಂಬ ಕ್ಯಾಮೆರಾವನ್ನು ಘೋಷಿಸಿ, ಕಲೋನ್ ನಗರದ ಫೋಟೋಕೀನಾ ಮೇಳದಲ್ಲಿ ಪ್ರದರ್ಶನಕ್ಕಿಟ್ಟಿತು. ಅದು ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ, ಕೊಂಡವರ ಚಿತ್ರಗಳಲ್ಲಿ ಒಂದು ವಿಚಿತ್ರ ಕಾಣಿಸತೊಡಗಿತು. ಮದುವೆಯ ಮನೆಯಲ್ಲಿ ವರನು ತೊಟ್ಟ ಕರಿ ಕೋಟು ಕರಿಯದಾಗಿರಲಿಲ್ಲ. ನೇರಳೆಗೆಂಪಿನ ಛಾಯೆಯೊಂದು ಅದರ ಮೇಲೆ ಹರಡಿಕೊಂಡಿತ್ತು. ಅವನ ಪಕ್ಕದಲ್ಲೇ ನಿಂತವನ ಕೋಟು ಮಾತ್ರ ಸರಿಯಾಗಿಯೇ ಇತ್ತು. ಒಂದೇ ಬೆಳಕು, ಒಂದೇ ಕ್ಯಾಮೆರಾ, ಎರಡು ಬಗೆಯ ಕಪ್ಪು.

ಕಾರಣ ಬಟ್ಟೆಯಲ್ಲಿತ್ತು, ಬಟ್ಟೆಗಿಂತ ಹೆಚ್ಚಾಗಿ ಬಣ್ಣದಲ್ಲಿತ್ತು. ಕೃತಕ ನೂಲಿಗೆ ಹಾಕುವ ಹಲವು ಕರಿ ಬಣ್ಣಗಳು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ನುಂಗಿದರೂ ಅವಗೆಂಪು ಕಿರಣಗಳನ್ನು ಹಿಂದಕ್ಕೆ ಚೆಲ್ಲುತ್ತವೆ. ಮನುಷ್ಯನ ಕಣ್ಣು ಸುಮಾರು 700 ನ್ಯಾನೊಮೀಟರಿನ ಆಚೆಗೆ ಕುರುಡು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಸಿಲಿಕಾನಿನದು. ಅದು 1100 ನ್ಯಾನೊಮೀಟರಿನವರೆಗೂ ಬೆಳಕನ್ನು ಗ್ರಹಿಸಬಲ್ಲದು. ಆದ್ದರಿಂದಲೇ ಪ್ರತಿಯೊಂದು ಡಿಜಿಟಲ್ ಕ್ಯಾಮೆರಾದ ಸೆನ್ಸರಿನ ಮುಂದೆಯೂ ಅವಗೆಂಪನ್ನು ತಡೆಯುವ ಗಾಜಿನ ಹಾಳೆಯೊಂದಿರುತ್ತದೆ. ಎಂ8ರಲ್ಲಿಯೂ ಇತ್ತು. ಆದರೆ ಅದರ ದಪ್ಪ ಕೇವಲ ಅರ್ಧ ಮಿಲಿಮೀಟರ್.

ಇಷ್ಟು ತೆಳುವೇಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. ಲೈಕಾದ ಎಂ ಸರಣಿ ಆರಂಭವಾದದ್ದು 1954ರಲ್ಲಿ, ಎಂ3 ಎಂಬ ಕ್ಯಾಮೆರಾದಿಂದ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಛಾಯಾಗ್ರಾಹಕ ಮಸೂರದ ಮೂಲಕ ನೋಡುವುದಿಲ್ಲ. ಪಕ್ಕದ ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳು ಒಂದಾಗುವಂತೆ ಮಸೂರವನ್ನು ತಿರುಗಿಸಿ ದೂರವನ್ನು ಹೊಂದಿಸುತ್ತಾನೆ. ಒಳಗೆ ಕನ್ನಡಿಯಿಲ್ಲ. ಕನ್ನಡಿಯಿಲ್ಲದ ಕಾರಣ ಮಸೂರವನ್ನು ಫಿಲ್ಮಿನ ತೀರ ಸಮೀಪಕ್ಕೆ ತರಬಹುದು. ಎಂ ಕ್ಯಾಮೆರಾಗಳಲ್ಲಿ ಮಸೂರ ಕೂರುವ ಬಳೆಗೂ ಫಿಲ್ಮಿಗೂ ಇರುವ ಅಂತರ 27.8 ಮಿಲಿಮೀಟರ್, ಕನ್ನಡಿಯಿರುವ ನಿಕಾನ್ ಕ್ಯಾಮೆರಾಗಳಲ್ಲಿ ಅದು 46.5. ಈ ಸಾಮೀಪ್ಯವೇ ಲೈಕಾದ ವಿಶಾಲಕೋನ ಮಸೂರಗಳನ್ನು ಪುಟ್ಟದಾಗಿ, ಹರಿತವಾಗಿ ಮಾಡಿದ್ದು. ಅಂಥ ಪುಟ್ಟ ಯಂತ್ರವಿಲ್ಲದೆ ಬೀದಿಯ ಛಾಯಾಗ್ರಹಣವೆಂಬ ಪರಂಪರೆ ಈ ರೂಪದಲ್ಲಿ ಬೆಳೆಯುತ್ತಿರಲಿಲ್ಲ. ಗಾಂಧೀಜಿಯವರ ಅಂತ್ಯಯಾತ್ರೆಯನ್ನು ದೆಹಲಿಯಲ್ಲಿ ಚಿತ್ರಿಸಿದ ಆನ್ರಿ ಕಾರ್ತಿಯೆ-ಬ್ರೆಸೋನ್ ಬಳಸುತ್ತಿದ್ದುದೂ ಲೈಕಾವನ್ನೇ, ಎಂ ಸರಣಿಗೂ ಮುಂಚಿನ ಮಾದರಿಯನ್ನು.

ಫಿಲ್ಮಿಗೆ ಈ ಸಾಮೀಪ್ಯದಿಂದ ಹೆಚ್ಚಿನ ತೊಂದರೆಯಿರಲಿಲ್ಲ. ಬೆಳಕು ಎಷ್ಟೇ ಓರೆಯಾಗಿ ಬಂದರೂ ಅದು ಸ್ವೀಕರಿಸುತ್ತಿತ್ತು. ಸೆನ್ಸರ್ ಹಾಗಲ್ಲ. ಅದರ ಮೇಲ್ಮೈ ಲಕ್ಷಾಂತರ ಸಣ್ಣ ಬಾವಿಗಳಂತೆ. ಓರೆಯಾಗಿ ಬಿದ್ದ ಬೆಳಕು ಅಂಚಿನ ಬಾವಿಗಳ ತಳ ಮುಟ್ಟುವುದಿಲ್ಲ. ಅದರ ಮುಂದೆ ದಪ್ಪ ಗಾಜನ್ನಿಟ್ಟರಂತೂ ಓರೆ ಕಿರಣ ಗಾಜಿನೊಳಗೆ ಹೆಚ್ಚು ದೂರ ಕ್ರಮಿಸಿ, ಬಾಗಿ, ಚಿತ್ರದ ಮೂಲೆಗಳನ್ನು ಕಲಕಿಬಿಡುತ್ತದೆ. 2004ರಲ್ಲಿ ಎಪ್ಸನ್ ಸಂಸ್ಥೆ ಹೊರತಂದ ಆರ್‌-ಡಿ1 ಜಗತ್ತಿನ ಮೊದಲ ಡಿಜಿಟಲ್ ರೇಂಜ್‌ಫೈಂಡರ್. ಆರು ಮೆಗಾಪಿಕ್ಸೆಲ್ಲಿನ ಆ ಕ್ಯಾಮೆರಾ ಚಿಕ್ಕ ಸೆನ್ಸರನ್ನು ಬಳಸಿ, ಮಸೂರವು ಮೂಡಿಸುವ ಚಿತ್ರದ ಮೂಲೆಗಳನ್ನೇ ಬಿಟ್ಟುಬಿಟ್ಟಿತು. (ಫಿಲ್ಮಿಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಸನ್ನೆ ಎಳೆಯಬೇಕಿತ್ತು. ಶಟರಿನ ಸ್ಪ್ರಿಂಗನ್ನು ಬಿಗಿಮಾಡಲು ಮಾತ್ರ. ನನಗೆ ಅದು ಬಹಳ ಇಷ್ಟವಾದ ವಿವರ.)

ಲೈಕಾ ಇನ್ನೂ ಮುಂದಕ್ಕೆ ಹೋಗಬಯಸಿತು. ಕೊಡಾಕ್ ತಯಾರಿಸಿಕೊಟ್ಟ 10.3 ಮೆಗಾಪಿಕ್ಸೆಲ್ಲಿನ ಸೆನ್ಸರ್ 18×27 ಮಿಲಿಮೀಟರಿನದು, ಎಪ್ಸನ್ನಿನದಕ್ಕಿಂತ ದೊಡ್ಡದು. ಪ್ರತಿ ಬಾವಿಯ ಬಾಯಿಗೂ ಒಂದು ಸೂಕ್ಷ್ಮ ಮಸೂರವಿಟ್ಟು, ಅಂಚಿಗೆ ಹೋದಂತೆ ಅದನ್ನು ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸಿದರು. ಮುಂದಿನ ಗಾಜನ್ನು ತೆಳುಗೊಳಿಸಿದರು. ಮೂಲೆಗಳು ಉಳಿದವು, ಅವಗೆಂಪು ಒಳನುಗ್ಗಿತು. ಕರಿ ಬಟ್ಟೆ ಕೆಂಪಾಯಿತು, ಎಲೆಗಳ ಹಸುರು ಹಳದಿಗೆ ತಿರುಗಿತು, ಮೈಬಣ್ಣಕ್ಕೂ ಬೇಡದ ಕೆಂಪು ಸೇರಿತು. ಇದು ಯಾರದೋ ಅಜಾಗರೂಕತೆಯಿಂದ ಆದ ದೋಷವೆನ್ನಲು ನಾನು ಸಿದ್ಧನಿಲ್ಲ. ಹರಿತವೋ ಬಣ್ಣವೋ ಎಂಬ ಆಯ್ಕೆಯಲ್ಲಿ ಅವರು ಹರಿತವನ್ನು ಆರಿಸಿಕೊಂಡರು. ಆದರೆ ಆ ಆಯ್ಕೆಯನ್ನು ಕೊಳ್ಳುವವನಿಗೆ ಮೊದಲೇ ತಿಳಿಸಲಿಲ್ಲ; ನನ್ನ ತಕರಾರು ಇರುವುದು ಅಲ್ಲಿ. ಅಂದಿನ ಒಬ್ಬ ಪ್ರಸಿದ್ಧ ವಿಮರ್ಶಕರು ಈ ದೋಷವನ್ನು ಮೊದಲೇ ಕಂಡಿದ್ದರೂ ಸಂಸ್ಥೆಯ ಕೋರಿಕೆಯ ಮೇರೆಗೆ ತಮ್ಮ ವಿಮರ್ಶೆಯಲ್ಲಿ ಬರೆಯದೆ ಬಿಟ್ಟು, ಆಮೇಲೆ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಸುಮಾರು 5,000 ಡಾಲರ್ ತೆತ್ತವರಿಗೆ ಕ್ಯಾಮೆರಾದ ದೋಷಕ್ಕಿಂತ ಈ ಮೌನವೇ ಹೆಚ್ಚು ನೋವು ಕೊಟ್ಟಿದ್ದರೆ ಆಶ್ಚರ್ಯವಿಲ್ಲ.

ಲೈಕಾ ಸೂಚಿಸಿದ ಪರಿಹಾರ ಸರಳವಾಗಿ ಕಾಣುತ್ತಿತ್ತು: ನೇರಳಾತೀತ ಮತ್ತು ಅವಗೆಂಪು ಎರಡನ್ನೂ ತಡೆಯುವ ಫಿಲ್ಟರನ್ನು ಮಸೂರದ ಮುಂದೆ ತಿರುಪಿಕೊಳ್ಳುವುದು. ಪ್ರತಿ ಖರೀದಿದಾರನಿಗೆ ಎರಡು ಫಿಲ್ಟರುಗಳನ್ನು ಸಂಸ್ಥೆ ಉಚಿತವಾಗಿ ಕೊಟ್ಟಿತು. ಆದರೆ ಲೈಕಾ ಪ್ರಿಯರಲ್ಲಿ ಎರಡೇ ಮಸೂರವಿರುವವರು ಅಪರೂಪ. ಒಂದರ ಬಾಯಿ 39 ಮಿಲಿಮೀಟರಾದರೆ ಇನ್ನೊಂದರದು 46. ಕಚೇರಿಯಲ್ಲಿ ಒಂದು ಮೇಜಿನ ಕಡತವನ್ನು ‘ಸೂಕ್ತ ಕ್ರಮಕ್ಕಾಗಿ’ ಇನ್ನೊಂದು ಮೇಜಿಗೆ ದಾಟಿಸುವುದನ್ನು ದಿನವೂ ಕಾಣುವ ನನಗೆ ಇದರ ರೀತಿ ಅಪರಿಚಿತವಲ್ಲ. ಕ್ಯಾಮೆರಾದೊಳಗಿನ ಸಮಸ್ಯೆ ಗ್ರಾಹಕನ ಚೀಲಕ್ಕೆ ವರ್ಗವಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಈ ಫಿಲ್ಟರ್ ಬಣ್ಣದ ಗಾಜಿನಂತೆ ಬೆಳಕನ್ನು ಹೀರಿಕೊಳ್ಳುವಂಥದಲ್ಲ. ಗಾಜಿನ ಮೇಲೆ ಲೇಪಿಸಿದ ಹಲವು ತೆಳು ಪದರಗಳು ಬೇಡದ ತರಂಗಗಳನ್ನು ಹಿಂದಕ್ಕೆ ಪ್ರತಿಫಲಿಸುತ್ತವೆ. ಕಿರಣ ನೇರವಾಗಿ ಬಂದಾಗ ತಡೆ ಅವಗೆಂಪಿನ ಗಡಿಯಲ್ಲಿರುತ್ತದೆ. ಓರೆಯಾದಷ್ಟೂ ಆ ಗಡಿ ಗಿಡ್ಡ ತರಂಗಗಳ ಕಡೆಗೆ ಜಾರಿ, ಕಣ್ಣಿಗೆ ಕಾಣುವ ಕೆಂಪನ್ನೂ ಕತ್ತರಿಸತೊಡಗುತ್ತದೆ. ಹಾಗಾಗಿ ವಿಶಾಲಕೋನ ಮಸೂರ ಹಾಕಿದರೆ ಚಿತ್ರದ ನಡುವೆ ಬಣ್ಣ ಸರಿ. ನಾಲ್ಕು ಮೂಲೆಗಳಲ್ಲಿ ಮಾತ್ರ ಹಸುರುನೀಲಿ. ರಾತ್ರಿಯ ಬೀದಿದೀಪಗಳು ಆ ಚಪ್ಪಟೆ ಗಾಜಿನಲ್ಲಿ ಪ್ರತಿಫಲಿಸಿ ಚಿತ್ರದಲ್ಲಿ ದೆವ್ವಗಳಂತೆ ಮೂಡುವುದು ಬೇರೆ.

ಮೂಲೆಗಳ ಬಣ್ಣವನ್ನು ಕ್ಯಾಮೆರಾದೊಳಗಿನ ತಂತ್ರಾಂಶ ತಿದ್ದಬಲ್ಲದು, ಯಾವ ಮಸೂರ ಕೂತಿದೆಯೆಂದು ಗೊತ್ತಾದರೆ. ಅದಕ್ಕಾಗಿ ಮಸೂರದ ಹಿಂಬಳೆಯಲ್ಲಿ ಕಪ್ಪು ಬಿಳುಪಿನ ಆರು ಚುಕ್ಕೆಗಳ ಸಂಕೇತವಿರಬೇಕು. ಹಳೆಯ ಮಸೂರಗಳಿಗೆ ಅದೆಲ್ಲಿಂದ ಬರಬೇಕು? ಹಲವು ಮಾದರಿಗಳಿಗೆ ಲೈಕಾ ಹಣ ಪಡೆದು ಸಂಕೇತ ಕೊರೆದುಕೊಡುತ್ತಿತ್ತು. ಜಾಣರು ಮಾರ್ಕರ್ ಪೆನ್ನಿನಿಂದ ತಾವೇ ಚುಕ್ಕೆಯಿಟ್ಟುಕೊಂಡರು. ಜಗತ್ತಿನ ಅತ್ಯಂತ ನಿಖರ ಯಂತ್ರಗಳಲ್ಲಿ ಒಂದೆನಿಸಿಕೊಂಡದ್ದಕ್ಕೆ ಮಾರ್ಕರ್ ಪೆನ್ನಿನ ಬೊಟ್ಟು!

2009ರ ಸೆಪ್ಟೆಂಬರ್ 9ರಂದು ಘೋಷಣೆಯಾದ ಎಂ9ರಲ್ಲಿ ಸೆನ್ಸರ್ ಪೂರ್ಣ ಫಿಲ್ಮಿನಷ್ಟೇ ದೊಡ್ಡದಾಯಿತು, 18 ಮೆಗಾಪಿಕ್ಸೆಲ್ಲಿನದು. ಮುಂದಿನ ಗಾಜು 0.8 ಮಿಲಿಮೀಟರಿಗೆ ಏರಿತು; ಅವಗೆಂಪನ್ನು ಚೆನ್ನಾಗಿ ಹೀರುವ ಹೊಸ ಬಗೆಯ ಗಾಜು ಅದು. ಮಸೂರದ ಮುಂದಿನ ಫಿಲ್ಟರಿನ ಅಗತ್ಯ ತಪ್ಪಿತು. ಆದರೆ ಆ ಗಾಜಿಗೆ ತೇವ ತಾಳುವ ಶಕ್ತಿ ಕಡಿಮೆ. ವರ್ಷಗಳು ಕಳೆದಂತೆ ಅನೇಕ ಎಂ9ಗಳ ಗಾಜು ತುಕ್ಕು ತಿಂದಂತೆ ಸವೆದು, ಚಿತ್ರದಲ್ಲಿ ಬಳೆಯಂಥ ಕಲೆಗಳು ಎದ್ದವು. 2014ರಲ್ಲಿ ಲೈಕಾ ದೋಷವನ್ನು ಒಪ್ಪಿಕೊಂಡು ಸೆನ್ಸರುಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು. ಮುಂದೆ ಬದಲಿ ಸೆನ್ಸರುಗಳೇ ಮುಗಿದುಹೋದವು.

ಎಂ8 ಮಾತ್ರ ಇಂದಿಗೂ ಕೈಬದಲಾಗುತ್ತಿದೆ. ಹಳೆಯ ಸಾಮಾನಿನ ಪೇಟೆಯಲ್ಲಿ ಅದನ್ನು ಹುಡುಕುವವರಲ್ಲಿ ಅವಗೆಂಪು ಛಾಯಾಗ್ರಹಣದ ಹವ್ಯಾಸಿಗಳೂ ಇದ್ದಾರೆ. ಬೇರೆ ಕ್ಯಾಮೆರಾಗಳನ್ನು ಬಿಚ್ಚಿ ಒಳಗಿನ ಗಾಜನ್ನು ಕಿತ್ತೇ ಆ ಕೆಲಸಕ್ಕೆ ಹೊಂದಿಸಬೇಕು. ಎಂ8ಕ್ಕೆ ಆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಲೈಕಾ ಕೊಟ್ಟಿದ್ದ ಫಿಲ್ಟರನ್ನು ತೆಗೆದು, ಅದರ ಜಾಗದಲ್ಲಿ ಕಾಣುವ ಬೆಳಕನ್ನು ತಡೆದು ಅವಗೆಂಪನ್ನಷ್ಟೇ ಬಿಡುವ ಕಡುಗೆಂಪು ಗಾಜನ್ನು ತಿರುಪಿದರೆ ಸಾಕು. ಆಕಾಶ ಕಪ್ಪಾಗಿ, ಮರದ ಎಲೆಗಳೆಲ್ಲ ಬೆಳ್ಳಗೆ ಬೆಳಗುತ್ತವೆ.